ಗಟ್ಟಿ ಟೀಚರ್ ಮುಚ್ಚಿಟ್ಟ ಕಿವಿ

ಐದನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಹೆಸರು ‘ಗಟ್ಟಿ ಟೀಚರ್’. ಅವರ ದನಿ ಮೂರು ಕೋಣೆ ದಾಟಿ ಶಾಲೆಯ ಹಿಂದಿನ ನೀರಿನ ತೊಟ್ಟಿಯವರೆಗೂ ಕೇಳುತ್ತಿತ್ತು. ಶಿಸ್ತಿನಲ್ಲೂ ಅಷ್ಟೇ ಗಟ್ಟಿ. ಬೇರೆ ತರಗತಿಗಳು ಸಂತೆಯಂತಿದ್ದರೆ ಇವರದರಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಹಾಗೆಂದು ಹೆಡ್‌ಮಿಸ್ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಆದರೆ ಸೂಜಿಯೇನು, ಪಕ್ಕದಲ್ಲಿ ಹಿತ್ತಾಳೆ ಕೊಡ ಬಿದ್ದರೂ ಟೀಚರಿಗೆ ಕೇಳುತ್ತಿರಲಿಲ್ಲ ಎನ್ನುವುದು ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಎರಡನೇ ಹೆರಿಗೆಯಾದ ವರ್ಷ ಶುರುವಾದದ್ದು ಅದು. ತೊಟ್ಟಿಲಲ್ಲಿ ಮಗು ಅಳುತ್ತಿದ್ದರೂ ಇವರು ಬೆನ್ನು ತಿರುಗಿಸಿಕೊಂಡು ಬಟ್ಟೆ ಮಡಿಸುತ್ತಿದ್ದುದನ್ನು ಕಂಡು ಅತ್ತೆ ಮೊದಲು ಸಿಟ್ಟಾದರು, ಆಮೇಲೆ ಗಾಬರಿಯಾದರು. ಡಾಕ್ಟರು ಒಂದು ಚಿತ್ರ ಬರೆದು, ಕಿವಿಯೊಳಗಿನ ಅಕ್ಕಿಕಾಳಿನಷ್ಟು ಚಿಕ್ಕ ಎಲುಬೊಂದು ಅಲುಗಾಡದೆ ಕೂತುಬಿಡುತ್ತಿದೆ ಎಂದು ವಿವರಿಸಿದರು. ಬಲಗಿವಿಗೆ ಒಂದು ಯಂತ್ರ ಕೊಟ್ಟರು. ಟೀಚರ್ ಅದನ್ನು ಮನೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಶಾಲೆಗೆ ಹೊರಡುವಾಗ ತೆಗೆದು, ಹತ್ತಿಯಲ್ಲಿ ಸುತ್ತಿ, ಬೀರುವಿನೊಳಗೆ ಇಡುತ್ತಿದ್ದರು. ಹೀಗೆ ಹನ್ನೊಂದು ವರ್ಷ.

ಹಾಗೆ ಮಾಡಲು ಕಾರಣವಿತ್ತು. ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಕಣ್ಣು ಮಂಜಾಗತೊಡಗಿದಾಗ ಅವರು ಪ್ರಾಮಾಣಿಕವಾಗಿ ಹೋಗಿ ಹೇಳಿಕೊಂಡಿದ್ದರು. ಎಲ್ಲರೂ ಅಯ್ಯೋ ಅಂದರು. ಮೊದಲು ಅವರ ಪಾಠಗಳನ್ನು ಬೇರೆಯವರಿಗೆ ಹಂಚಿದರು, ಆಮೇಲೆ ಉಗ್ರಾಣದ ಬೀಗದ ಕೈ ಕೊಟ್ಟರು, ವರ್ಷ ಮುಗಿಯುವುದರೊಳಗೆ ಒಂದು ಹಾರ ಹಾಕಿ ಮನೆಗೆ ಕಳಿಸಿದರು. ಆ ಸಭೆಯಲ್ಲಿ ಮೇಷ್ಟ್ರು ಮಾತಾಡಿದ್ದು ಟೀಚರಿಗೆ ಕೇಳಿಸಿರಲಿಲ್ಲ, ಆದರೆ ಅವರ ತುಟಿ ನಡುಗಿದ್ದು ಕಂಡಿತ್ತು. ಅವತ್ತೇ ಟೀಚರ್ ತಮ್ಮ ಬಾಯಿಗೆ ಬೀಗ ಹಾಕಿಕೊಂಡರು.

ಯಾರಿಗೂ ಹೇಳಬೇಡ ಎಂದು ಗಂಡನೂ ಹೇಳಿದ. ಅವನು ಅಚ್ಚುಮನೆಯಲ್ಲಿ ಯಂತ್ರ ನಡೆಸುವವನು. ದಿನವಿಡೀ ಗದ್ದಲದಲ್ಲಿ ಕೂಗಿ ಕೂಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಹಾಗಾಗಿ ಅಕ್ಕಪಕ್ಕದವರಿಗೆ ಆ ಮನೆಯ ಜೋರು ದನಿಯಲ್ಲಿ ವಿಶೇಷವೇನೂ ಕಾಣಲಿಲ್ಲ. ಅತ್ತೆಗೆ ಮಾತ್ರ ಸುಮ್ಮನಿರಲು ಆಗುತ್ತಿರಲಿಲ್ಲ. “ಬೇರೆ ಸೊಸೆಯಂದಿರು ಅತ್ತೆ ಮಾತನ್ನ ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತಾರೆ. ನನ್ನ ಸೊಸೆಗೆ ಬಿಡೋಕೂ ಇನ್ನೊಂದು ಕಿವಿ ಇಲ್ಲ,” ಎಂದು ಎದುರಿಗೇ ನಿಂತು, ತುಟಿ ಚೆನ್ನಾಗಿ ಬಿಡಿಸಿ, ಸೊಸೆಗೆ ಅರ್ಥವಾಗುವ ಹಾಗೆ ಹೇಳುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಮನೆಯ ಹೊರಗೆ ಆ ನಗು ಬರುತ್ತಿರಲಿಲ್ಲ.

ಶಾಲೆಯಲ್ಲಿ ಅವರು ಬದುಕಿದ್ದೇ ಉಪಾಯದ ಮೇಲೆ. ಬೆಂಚುಗಳನ್ನು ಸಾಲಾಗಿ ಇಡದೆ ಅರ್ಧಚಂದ್ರದ ಹಾಗೆ ಜೋಡಿಸಿದ್ದರು. ಪ್ರತಿಯೊಂದು ಮುಖವೂ ಕಾಣಬೇಕು. ಒಂದು ಮರದ ಅಡಿಕೋಲು ಇಟ್ಟಿದ್ದರು. ಅದು ಹೊಡೆಯಲಿಕ್ಕಲ್ಲ, ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಪ್ರಶ್ನೆ ಕೇಳಿದರೆ ಮಕ್ಕಳು ಬಾಯಲ್ಲಿ ಹೇಳುವ ಹಾಗಿಲ್ಲ, ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿಯಬೇಕು. ಬೋರ್ಡಿನ ಕಡೆ ತಿರುಗಿ ಬರೆಯುವಾಗ ಪಾಠ ನಿಲ್ಲಬೇಕು. ಬೆಂಚಿನಡಿ ಕಾಲುಗಳೆಲ್ಲ ಒಮ್ಮೆಗೇ ಚಪ್ಪಲಿ ಹುಡುಕತೊಡಗಿದರೆ ಗಂಟೆ ಹೊಡೆದಿದೆ ಎಂದು ಅರ್ಥ. ಮಿಕ್ಕದ್ದೆಲ್ಲ ತುಟಿ ಓದುವುದು. ಅದರಲ್ಲಿ ಮೋಸ ಬಹಳ. ‘ಪಾಠ’ ಅಂದರೂ ‘ಮಾಟ’ ಅಂದರೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಹಿಂದುಮುಂದಿನ ಮಾತು ಹಿಡಿದು ಊಹಿಸಬೇಕು. ಸಂಜೆ ಮನೆ ಸೇರುವ ಹೊತ್ತಿಗೆ ಅವರ ಕತ್ತು, ಕಣ್ಣು, ತಲೆ ಎಲ್ಲವೂ ಕಲ್ಲಾಗಿರುತ್ತಿದ್ದವು.

ಅಂಥ ತರಗತಿಗೆ ವರ್ಷದ ನಡುವೆ ಒಬ್ಬ ಹುಡುಗಿ ಬಂದಳು. ಹತ್ತು ವರ್ಷ, ಎರಡು ಜಡೆ, ಎರಡೂ ಕಿವಿಯ ಹಿಂದೆ ಎರಡು ಯಂತ್ರ. ಕಳೆದುಹೋಗದಿರಲೆಂದು ಅವನ್ನು ದಾರದಿಂದ ಕೊರಳಪಟ್ಟಿಗೆ ಕಟ್ಟಿದ್ದರು. ಯಂತ್ರವನ್ನು ಅಡಗಿಸುವ ಯೋಚನೆಯೇ ಆ ಮಗುವಿಗೆ ಇದ್ದಂತಿರಲಿಲ್ಲ. ಜಡೆಯನ್ನು ಅದರ ಹಿಂದಕ್ಕೇ ತಳ್ಳಿಕೊಂಡಿದ್ದಳು. ಅವಳ ತಾಯಿ ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಅರ್ಧ ಗಂಟೆಯ ರಜೆ ಕೇಳಿ ಬಂದಿದ್ದಳು. ಮುಂದೆ ಕೂರಿಸಬೇಕು, ಮುಖ ನೋಡಿ ಮಾತಾಡಬೇಕು, ಬಾಯಿಗೆ ಕೈ ಅಡ್ಡ ಇಡಬಾರದು, ಒಂದು ಸಲ ಅರ್ಥವಾಗದಿದ್ದರೆ ಬೇರೆ ಮಾತಿನಲ್ಲಿ ಹೇಳಬೇಕು. ಇಷ್ಟನ್ನು ಅವಳು ದಾರಿಯುದ್ದಕ್ಕೂ ಕಲಿತುಕೊಂಡು ಬಂದವಳ ಹಾಗೆ ಒಪ್ಪಿಸಿದಳು. ಟೀಚರ್ ತಲೆಯಾಡಿಸಿದರು. ಇದೆಲ್ಲ ನಿನಗಿಂತ ಚೆನ್ನಾಗಿ ನನಗೆ ಗೊತ್ತಮ್ಮಾ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು.

ಮೂರು ವಾರ ಎಲ್ಲ ಚೆನ್ನಾಗಿ ನಡೆಯಿತು. ಹುಡುಗಿ ಚುರುಕಾಗಿದ್ದಳು. ಸ್ಲೇಟು ಎಲ್ಲರಿಗಿಂತ ಮೊದಲು ಮೇಲೇಳುತ್ತಿತ್ತು. ಒಂದು ದಿನ ಬಿಡುವಿನ ಹೊತ್ತಿನಲ್ಲಿ ಅವಳು ಟೀಚರ ಮೇಜಿನ ಮುಂದೆ ಬಂದು ನಿಂತು, ತನ್ನ ಪೆನ್ಸಿಲು ಕಳೆದುಹೋಯಿತು ಎಂದಳು. ಟೀಚರ್ ಪುಸ್ತಕ ತಿದ್ದುತ್ತಲೇ ಒಮ್ಮೆ ತಲೆಯೆತ್ತಿ ನೋಡಿ, ಬೆಂಚಿನಡಿ ಹುಡುಕು ಹೋಗು ಎಂದರು. ಹುಡುಗಿ ಹೋಗಲಿಲ್ಲ. ಅವಳ ಮುಖದಲ್ಲಿ ಮೆಲ್ಲಗೆ ಒಂದು ನಗು ಹರಡಿತು.

“ನಾನು ದನೀನೇ ಮಾಡ್ಲಿಲ್ಲ ಟೀಚರ್. ಬರೀ ಬಾಯಿ ಆಡಿಸಿದೆ. ನೀವೂ ನನ್ನ ಥರಾನೇ ಅಲ್ವಾ?”

ಹನ್ನೊಂದು ವರ್ಷ ಹೆಡ್‌ಮಿಸ್ ಕಂಡುಹಿಡಿಯದ್ದನ್ನು, ಇಪ್ಪತ್ತೆರಡು ಮಂದಿ ಸಹೋದ್ಯೋಗಿಗಳು ಕಂಡುಹಿಡಿಯದ್ದನ್ನು, ಈ ಗೇಣುದ್ದದ ಹುಡುಗಿ ಮೂರು ವಾರದಲ್ಲಿ ಹಿಡಿದಿದ್ದಳು. ಅವಳ ನಗುವಿನಲ್ಲಿ ಕುಹಕವಿರಲಿಲ್ಲ. ಪರವೂರಿನಲ್ಲಿ ತನ್ನ ಭಾಷೆಯವರು ಸಿಕ್ಕಾಗಿನ ಖುಷಿ ಇತ್ತು. ಅದು ಟೀಚರಿಗೆ ಕಂಡಿತು. ಕಂಡರೂ ಅವರ ಬಾಯಿಂದ ಬಂದದ್ದು ಬೈಗುಳ. ದೊಡ್ಡವರ ಹತ್ತಿರ ಇಂಥ ಚೇಷ್ಟೆ ಮಾಡಿದರೆ ತಾಯಿಯನ್ನು ಕರೆಸುತ್ತೇನೆ ಎಂದು ಗದರಿದರು. ಮರುದಿನ ಅವಳನ್ನು ಅರ್ಧಚಂದ್ರದ ಆಚೆಗೆ, ಹಿಂದಿನ ಮೂಲೆಯಲ್ಲಿ ಒಂಟಿಯಾಗಿದ್ದ ಬೆಂಚಿಗೆ ಕಳಿಸಿದರು. ಅಲ್ಲಿಂದ ಅವಳಿಗೆ ಕಾಣುವುದು ಉಳಿದ ಮಕ್ಕಳ ಹಿಂದಲೆ ಮಾತ್ರ. ಪಕ್ಕದಲ್ಲೇ ರಸ್ತೆಯ ಕಿಟಕಿ. ಬಸ್ಸು ಹೋದರೆ ಅವಳ ಯಂತ್ರಕ್ಕೆ ಬಸ್ಸು ಮಾತ್ರ ಕೇಳುತ್ತದೆ. ಆ ಜಾಗದಲ್ಲಿ ಕೂತರೆ ಏನಾಗುತ್ತದೆಂದು ಇಡೀ ಶಾಲೆಯಲ್ಲಿ ಚೆನ್ನಾಗಿ ಬಲ್ಲವರು ಒಬ್ಬರೇ, ಅವಳನ್ನು ಅಲ್ಲಿ ಕೂರಿಸಿದವರು.

ವಾರದೊಳಗೆ ಹುಡುಗಿಯ ಸ್ಲೇಟು ತಡವಾಗಿ ಏಳತೊಡಗಿತು. ಎರಡನೇ ವಾರ ಅರ್ಧಂಬರ್ಧ ಉತ್ತರ. ಒಂದು ತಿಂಗಳಿಗೆ ಅದು ಏಳುವುದೇ ನಿಂತಿತು. ಟೀಚರಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ನಾಳೆ ಮುಂದೆ ಕರೆಯುತ್ತೇನೆ ಎಂದುಕೊಂಡು ಹೋಗುತ್ತಿದ್ದರು. ಹೋಗಿ ಆ ಎರಡು ಕಣ್ಣು ತಮ್ಮ ಕಣ್ಣನ್ನೇ ಗಮನಿಸುವುದನ್ನು ಕಂಡರೆ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಹುಡುಗಿ ಯಾರಿಗೂ ಏನೂ ಹೇಳಿರಲಿಲ್ಲ. ಆದರೆ ಹೇಳಿಬಿಟ್ಟರೆ?

ಈ ಸಂಕಟದ ನಡುವೆ ಶಿಕ್ಷಣ ಕಚೇರಿಯಿಂದ ಆದೇಶ ಬಂತು. ಅಂಗವಿಕಲ ಮಕ್ಕಳಿಗೆ ಎಲ್ಲರ ಜೊತೆಗೇ ಪಾಠ ಹೇಳುವುದು ಹೇಗೆಂದು ಶಿಕ್ಷಕರಿಗೆಲ್ಲ ನಾಲ್ಕು ಶನಿವಾರ ತರಬೇತಿ, ತಪ್ಪಿಸಿಕೊಳ್ಳುವ ಹಾಗಿಲ್ಲ. ಮೊದಲನೇ ಶನಿವಾರ ಕಚೇರಿಯ ದೊಡ್ಡ ಹಾಲಿನಲ್ಲಿ ಟೀಚರ್ ಮುಂದಿನ ಸಾಲನ್ನೇ ಹಿಡಿದು ಕೂತರು. ತರಬೇತಿ ಕೊಡಲು ಬಂದವರು ಅರವತ್ತು ಮುಟ್ಟುತ್ತಿದ್ದ, ಬಡಕಲು ದೇಹದ ಹೆಂಗಸು. ಎಲ್ಲರೂ ‘ತರಬೇತಿ ಅಮ್ಮ’ ಎಂದೇ ಕರೆದರು. ಅದೃಷ್ಟಕ್ಕೆ ಆಕೆ ನಿಧಾನವಾಗಿ, ಮುಖ ಎತ್ತಿ ಮಾತಾಡುವವರು. ಕಣ್ಣಿಗೆ ಬಟ್ಟೆ ಕಟ್ಟಿ ಓಡಾಡಿಸುವಂಥ ಆಟ ಆಡಿಸುವುದಿಲ್ಲ, ಅದರಿಂದ ಮರುಕ ಬಿಟ್ಟು ಇನ್ನೇನೂ ಕಲಿಯುವುದಿಲ್ಲ ಎಂದರು. ತೊಂದರೆಯನ್ನು ಮಗುವಿನೊಳಗೆ ಹುಡುಕುವ ಮೊದಲು ಕೋಣೆಯೊಳಗೆ ಹುಡುಕಿ ಎಂದರು. ಬೆಳಕು ಎಲ್ಲಿಂದ ಬರುತ್ತಿದೆ, ಸದ್ದು ಎಲ್ಲಿಂದ, ಬೋರ್ಡು ಎಷ್ಟು ಎತ್ತರ, ಯಾರು ಯಾರ ಮುಖ ನೋಡಬಲ್ಲರು. ಟೀಚರ್ ಮನಸ್ಸಿನಲ್ಲೇ ಒಂದೊಂದಾಗಿ ಎಣಿಸಿದರು. ಅದು ತಮ್ಮದೇ ತರಗತಿಯ ಪಟ್ಟಿ.

ಅಷ್ಟರಲ್ಲಿ ಪರದೆಯ ಮೇಲೆ ಚಿತ್ರ ತೋರಿಸಲೆಂದು ಯಾರೋ ದೀಪ ಆರಿಸಿ ಕಿಟಕಿ ಮುಚ್ಚಿದರು. ಹಾಲು ಕತ್ತಲಾಯಿತು. ಟೀಚರಿಗೆ ಒಮ್ಮೆಲೇ ಬಾವಿಗೆ ಬಿದ್ದಂತಾಯಿತು. ತುಟಿಗಳೆಲ್ಲ ಮಾಯ, ಉಳಿದದ್ದು ಫ್ಯಾನಿನ ಗಾಳಿ ಮಾತ್ರ. ಪಕ್ಕದವರು ಮೊಣಕೈಯಿಂದ ತಿವಿದಾಗಲೇ ತಮಗೆ ಏನೋ ಪ್ರಶ್ನೆ ಬಂದಿದೆಯೆಂದು ಗೊತ್ತಾದದ್ದು. ಎದ್ದು ನಿಂತರು. ತಮಗಿಂತ ಮೊದಲು ಮಾತಾಡಿದವರು ತಮ್ಮ ತಮ್ಮ ಸರ್ವೀಸು ಹೇಳಿರಬೇಕು ಎಂದು ಊಹಿಸಿ, “ಹತ್ತೊಂಬತ್ತು ವರ್ಷ,” ಎಂದರು. ಹಾಲು ಗೊಳ್ಳೆಂದು ನಕ್ಕಿತು. ದೀಪ ಹತ್ತಿದ ಮೇಲೆ ಪಕ್ಕದವರು ಹೇಳಿದರು: ತರಬೇತಿ ಅಮ್ಮ ಕೇಳಿದ್ದು ನಿಮ್ಮ ತರಗತಿಯ ಮಕ್ಕಳಿಗೆ ಎಷ್ಟು ವರ್ಷ ಅಂತ. ಟೀಚರೂ ನಕ್ಕಂತೆ ಮಾಡಿದರು. ತರಬೇತಿ ಅಮ್ಮ ಮಾತ್ರ ನಗದೆ ಅವರನ್ನೇ ನೋಡುತ್ತಿದ್ದರು.

ಬುಧವಾರ ಆಕೆ ಹೇಳದೆ ಕೇಳದೆ ತರಗತಿಗೆ ಬಂದರು. ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಎರಡು ತಾಸು ಕೂತು ಬರೆದರು, ಬರೆದರು, ಪುಟ ಮಗುಚಿ ಮತ್ತೆ ಬರೆದರು. ಮಕ್ಕಳು ಹೊರಗೆ ಹೋದ ಮೇಲೆ ಎದ್ದು ಬಂದು, ಇಂಥ ತರಗತಿ ತಾವು ಕಂಡಿಲ್ಲ, ತಾವು ಹೇಳಿಕೊಡಬೇಕೆಂದಿರುವ ಮುಕ್ಕಾಲು ಪಾಲು ಇಲ್ಲಿ ಆಗಲೇ ನಡೆಯುತ್ತಿದೆ ಎಂದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರು. ಹೀಗೇ, ಅನುಭವದಿಂದ, ಎಂದರು ಟೀಚರ್. ತರಬೇತಿ ಅಮ್ಮ ಹಿಂದಿನ ಮೂಲೆಯ ಬೆಂಚಿನ ಕಡೆ ನೋಡಿದರು.

“ಇಷ್ಟೆಲ್ಲಾ ಗೊತ್ತಿರೋರು ಆ ಮಗೂನ ಅಲ್ಲಿ ಯಾಕೆ ಕೂರಿಸಿದ್ರಿ?”

ಟೀಚರ್ ಏನೋ ಹೇಳಿದರು. ಹುಡುಗಿ ಪಕ್ಕದವರನ್ನು ಕೆಣಕುತ್ತಾಳೆ, ಗಮನ ಕಡಿಮೆ ಎಂದೆಲ್ಲ. ಹೇಳುತ್ತಿದ್ದ ಹಾಗೇ ಆ ಮಾತು ತಮಗೇ ಕಹಿಯಾಯಿತು. ತರಬೇತಿ ಅಮ್ಮ ವಾದ ಮಾಡಲಿಲ್ಲ. ಮೂರನೇ ಶನಿವಾರ ಮಕ್ಕಳನ್ನೂ ಕರೆಸಿ, ಇದೇ ಕೋಣೆಯಲ್ಲಿ ಮಾದರಿ ಪಾಠ ಇಟ್ಟುಕೊಳ್ಳೋಣ, ಹದಿನೈದು ಜನ ಶಿಕ್ಷಕರು ಹಿಂದೆ ಕೂತು ನೋಡುತ್ತಾರೆ, ನಡುನಡುವೆ ಪ್ರಶ್ನೆ ಕೇಳುತ್ತಾರೆ ಎಂದು ಹೇಳಿ ಹೊರಟರು. ಹೆಡ್‌ಮಿಸ್ಸಿಗೆ ಹಿಡಿಸಲಾರದಷ್ಟು ಹಿಗ್ಗು. ಟೀಚರ ಲೆಕ್ಕ ಬೇರೆ ಇತ್ತು. ಮೂವತ್ತಾರು ಮಕ್ಕಳ ತುಟಿ ಅವರಿಗೆ ಕರತಲಾಮಲಕ. ಹದಿನೈದು ಅಪರಿಚಿತ ತುಟಿಗಳು, ಅದೂ ದೂರದಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತರೆ ಮುಖವೆಲ್ಲ ನೆರಳು.

ಮನೆಯಲ್ಲಿ ಗಂಡ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ. ಶುಕ್ರವಾರದಿಂದ ಹುಷಾರಿಲ್ಲ ಅಂತ ಮಲಗಿಬಿಡು. ಟೀಚರ್ ಅದನ್ನೂ ಯೋಚಿಸಿದರು. ಆದರೆ ರಜೆಗೆ ಡಾಕ್ಟರ ಚೀಟಿ ಬೇಕು, ಯಾವ ಡಾಕ್ಟರು ಮುಟ್ಟಿದರೂ ಮೊದಲು ಕಿವಿಯನ್ನೇ ನೋಡಿಯಾರು ಎಂಬ ಹುಚ್ಚು ಭಯ. ಅತ್ತೆ ಅವತ್ತು ತಮಾಷೆ ಮಾಡಲಿಲ್ಲ. ಸೊಸೆಯ ಎದುರು ಕುರ್ಚಿ ಎಳೆದುಕೊಂಡು ಕೂತು, “ಹನ್ನೊಂದು ವರ್ಷ ಕೆಂಡಾನ ಸೆರಗಲ್ಲಿ ಕಟ್ಕೊಂಡು ಓಡಾಡಿದೀಯ. ಸುಟ್ಟಿದ್ದು ನಿನ್ನನ್ನೇ ಅಲ್ವೇನೇ?” ಎಂದರು. ಈಗ ಅದು ಬೇರೆಯವರ ಮಗುವನ್ನೂ ಸುಡುತ್ತಿದೆ ಎನ್ನುವುದನ್ನು ಟೀಚರ್ ಅತ್ತೆಗೆ ಹೇಳಿರಲಿಲ್ಲ.

ಶನಿವಾರ ಬಂದೇ ಬಂತು. ಹಿಂದಿನ ಗೋಡೆಯುದ್ದಕ್ಕೂ ಕುರ್ಚಿಗಳು. ಹದಿನೈದು ಜನ ಬಂದು ಕೂತರು, ಕುರ್ಚಿ ಸಾಲದೆ ಡ್ರಿಲ್ ಮಾಸ್ತರು ರಸ್ತೆಯ ಕಿಟಕಿಗೆ ಒರಗಿ, ಒಂಟಿ ಬೆಂಚಿನ ಪಕ್ಕದಲ್ಲೇ ನಿಂತರು. ಅದೇ ಶಾಲೆಯವರು, ಆಳು ಒಳ್ಳೆಯವರೇ, ಮಾತು ಮಾತ್ರ ಒರಟು. ಅವರ ಮೀಸೆ ಮೇಲ್ದುಟಿಯನ್ನು ಪೂರ್ತಿ ನುಂಗಿ ಕೆಳದುಟಿಯ ಮೇಲೂ ಇಳಿದಿತ್ತು. ಇಡೀ ಶಾಲೆಯಲ್ಲಿ ಟೀಚರಿಗೆ ಒಂದಕ್ಷರವೂ ಓದಲಾಗದ ಬಾಯಿ ಅದೊಂದೇ. ಹನ್ನೊಂದು ವರ್ಷದಿಂದ ಅವರು ಎದುರಾದಾಗಲೆಲ್ಲ ಟೀಚರ್ ನಕ್ಕು ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದರು.

ಪಾಠ ನೀರು ಆವಿಯಾಗುವುದರ ಬಗ್ಗೆ. ಟೀಚರ್ ಎರಡು ತಟ್ಟೆಯಲ್ಲಿ ಒಂದೊಂದು ಒದ್ದೆ ಬಟ್ಟೆ ಇಟ್ಟು, ಒಂದನ್ನು ಬಿಸಿಲಿಗೆ, ಒಂದನ್ನು ನೆರಳಿಗೆ ಕಳಿಸಿದರು. ಪ್ರಶ್ನೆ ಕೇಳಿದರು. ಸ್ಲೇಟುಗಳು ಎದ್ದವು. ಅಡಿಕೋಲು ಕೈಯಿಂದ ಕೈಗೆ ಹೋಯಿತು. ಕುರ್ಚಿಯಲ್ಲಿದ್ದವರು ತಲೆದೂಗಿದರು. ಮೊದಲ ಪ್ರಶ್ನೆ ಕೇಳಿದವರು ಎದ್ದು ನಿಂತು, ಮುಂದೆ ಬಂದು ಕೇಳಿದರು; ಟೀಚರ್ ಬಚಾವಾದರು. ಎರಡನೆಯವರ ಮಾತು ಅರ್ಧ ಸಿಕ್ಕಿತು, ಮಿಕ್ಕರ್ಧ ಊಹಿಸಿ ದಾಟಿದರು. ಇನ್ನು ಹತ್ತು ನಿಮಿಷ, ಇನ್ನು ಹತ್ತೇ ನಿಮಿಷ ಎಂದು ಎಣಿಸುತ್ತಿದ್ದರು.

ಆಗ ಕುರ್ಚಿಯಲ್ಲಿದ್ದ ತಲೆಗಳು ಒಂದೊಂದಾಗಿ ಕಿಟಕಿಯ ಕಡೆ ತಿರುಗಿದವು, ಆಮೇಲೆ ತಮ್ಮ ಕಡೆಗೆ ತಿರುಗಿದವು. ಯಾರೋ ಏನೋ ಕೇಳಿದ್ದಾರೆ. ಬೆಳಕಿಗೆ ಎದುರಾಗಿ ಡ್ರಿಲ್ ಮಾಸ್ತರು ಕಪ್ಪು ಆಕೃತಿಯಾಗಿ ನಿಂತಿದ್ದರು. ಮೀಸೆ ಅಲುಗಿತು. ಟೀಚರ್ ನಕ್ಕರು. ನಗು ತಪ್ಪಾಯಿತೆಂದು ಎದುರಿನ ಮುಖಗಳಲ್ಲಿ ಕಂಡಿತು. ಮೀಸೆ ಎರಡನೇ ಸಲ ಅಲುಗಿತು. ಹೆಡ್‌ಮಿಸ್ಸಿನ ಹುಬ್ಬು ಗಂಟಿಕ್ಕಿತು. ಮೂರನೇ ಸಲ ಮಾಸ್ತರು ಕೈಯನ್ನೂ ಆಡಿಸಿದರು. ಕೋಣೆ ಸ್ತಬ್ಧವಾಯಿತು. ಆ ಸ್ತಬ್ಧತೆ ಕೇಳಿಸದಿದ್ದರೂ ಟೀಚರ ಮೈಮೇಲೆಲ್ಲ ಹರಿದಾಡಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತರಬೇತಿ ಅಮ್ಮ ಕುರ್ಚಿಯ ತುದಿಗೆ ಸರಿದರು.

ಹಿಂದಿನ ಮೂಲೆಯಲ್ಲಿ ಒಂದು ಸ್ಲೇಟು ಎದ್ದಿತು. ವಾರಗಟ್ಟಲೆ ಮೇಲೇಳದ ಸ್ಲೇಟು.

ಹುಡುಗಿ ಮಾಸ್ತರ ಪಕ್ಕದಲ್ಲೇ ಇದ್ದಳು. ಅಷ್ಟು ಹತ್ತಿರದಿಂದ ಮೂರು ಸಲ ಹೇಳಿದ್ದು ಅವಳ ಯಂತ್ರಕ್ಕೆ ಕೇಳಿತ್ತು. ದಪ್ಪ ಅಕ್ಷರದಲ್ಲಿ, ಜಾಗ ಸಾಲದೆ ಕೊನೆಯ ಸಾಲನ್ನು ಕೆಳಗೆ ಬಾಗಿಸಿ ಬರೆದಿದ್ದಳು: ‘ಮೀಸೆ ಸರ್ ಕೇಳ್ತಿದಾರೆ. ಇಂತ ಮಕ್ಕಳನ್ನ ಬೇರೆ ಶಾಲೆಗೆ ಕಳಿಸೋದೇ ಒಳ್ಳೇದಲ್ವಾ?’

ಟೀಚರ್ ಓದಿದರು. ಮತ್ತೊಮ್ಮೆ ಓದಿದರು. ‘ಇಂತ ಮಕ್ಕಳು’ ಅಂದರೆ ಯಾರೆಂದು ಬರೆದವಳಿಗೆ ಗೊತ್ತಿತ್ತು. ಗೊತ್ತಿದ್ದೂ, ತನ್ನನ್ನು ಮೂಲೆಗೆ ತಳ್ಳಿದವರು ನಗೆಪಾಟಲಾಗದಿರಲೆಂದು, ತನ್ನನ್ನು ಹೊರಗೆ ಕಳಿಸಬೇಕೆಂಬ ಪ್ರಶ್ನೆಯನ್ನು ತಾನೇ ಎತ್ತಿ ಹಿಡಿದಿದ್ದಳು. ಸ್ಲೇಟನ್ನು ಇನ್ನೂ ಇಳಿಸಿರಲಿಲ್ಲ.

ಉತ್ತರ ಸಿದ್ಧವಿತ್ತು. ಅದನ್ನು ಮೇಲಿನವರು ತೀರ್ಮಾನ ಮಾಡುತ್ತಾರೆ ಸಾರ್ ಎಂದರೆ ಮುಗಿದುಹೋಗುತ್ತಿತ್ತು. ಯಾರೂ ಸಂಶಯ ಪಡುತ್ತಿರಲಿಲ್ಲ. ಟೀಚರ್ ಬಾಯಿ ತೆರೆದರು. ಆ ಮಾತು ಬರಲಿಲ್ಲ.

“ಸರ್, ನೀವು ಕೇಳಿದ್ದು ನನಗೆ ಕೇಳಿಸಲಿಲ್ಲ,” ಎಂದರು. ತಮ್ಮ ದನಿ ಎಷ್ಟು ಗಟ್ಟಿ ಇದೆ, ಎಷ್ಟು ಮೆತ್ತಗಿದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. “ಮೂರು ಸಲ ಅಲ್ಲ, ಮೂವತ್ತು ಸಲ ಕೇಳಿದ್ರೂ ಕೇಳಿಸ್ತಿರಲಿಲ್ಲ. ಈ ಮಗು ಬರೆದು ತೋರಿಸಿದ್ಲು, ಗೊತ್ತಾಯ್ತು. ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ. ಹನ್ನೊಂದು ವರ್ಷ ಆಯ್ತು. ಇಂಥವರನ್ನ ಬೇರೆ ಕಡೆ ಕಳಿಸಬೇಕು ಅಂದ್ರೆ ಮೊದಲು ನನ್ನನ್ನ ಕಳಿಸಬೇಕಾಗುತ್ತೆ.”

ಟೀಚರ್ ಮುಂದುವರಿಸಿದರು. ಈ ಅರ್ಧಚಂದ್ರ, ಈ ಅಡಿಕೋಲು, ಈ ಸ್ಲೇಟು, ನೀವು ಮೆಚ್ಚಿದ್ದೆಲ್ಲ ನಾನು ಮಕ್ಕಳಿಗಾಗಿ ಮಾಡಿದ್ದಲ್ಲ, ಸಿಕ್ಕಿಬೀಳದಿರಲಿ ಅಂತ ಮಾಡಿಕೊಂಡದ್ದು ಎಂದರು. “ಇವಳನ್ನ ಆ ಮೂಲೇಲಿ ಕೂರಿಸಿದ್ದು ಇವಳ ಕಿವಿ ಕೇಳಲ್ಲ ಅಂತ ಅಲ್ಲ. ಇವಳಿಗೆ ನನ್ನ ಗುಟ್ಟು ಗೊತ್ತಾಯ್ತು ಅಂತ.”

ಆಮೇಲೆ ಅವರೇ ಹಿಂದಕ್ಕೆ ನಡೆದು ಹೋಗಿ, ಹುಡುಗಿಯ ಚೀಲ ಎತ್ತಿಕೊಂಡು, ಅವಳನ್ನು ಮುಂದಿನ ಜಾಗಕ್ಕೆ ಕರೆತಂದರು. ಬಿಸಿಲಿಗಿಟ್ಟ ಬಟ್ಟೆ ಒಣಗಿತ್ತು. ಪಾಠ ಮುಗಿಸಿದರು.

ಇಲ್ಲಿಗೆ ಕಥೆ ಸುಖವಾಯಿತು ಎಂದುಕೊಂಡರೆ ತಪ್ಪು. ತರಬೇತಿ ಅಮ್ಮ ಬಂದು ಕೈ ಹಿಡಿದುಕೊಂಡರು, ನಿಜ. ಮೊದಲ ಶನಿವಾರದ ಕತ್ತಲಲ್ಲೇ ತಮಗೆ ಅನುಮಾನ ಬಂದಿತ್ತು, ಆದರೆ ಇನ್ನೊಬ್ಬರ ಗುಟ್ಟನ್ನು ತಾವು ಬಿಚ್ಚಬಾರದೆಂದು ಸುಮ್ಮನಿದ್ದದ್ದು ಎಂದರು. ಹಾಗಿದ್ದರೆ ಪ್ರಶ್ನೆ ಕೇಳುವ ಪಾಠಕ್ಕೆ ನನ್ನನ್ನೇ ಯಾಕೆ ನಿಲ್ಲಿಸಿದಿರಿ ಎಂದು ಟೀಚರ್ ಕೇಳಿದರು. ಆ ಮಗುವಿಗೋಸ್ಕರ, ಎಂದಷ್ಟೇ ಹೇಳಿ ಆಕೆ ತಲೆ ತಗ್ಗಿಸಿದರು. ಹೆಡ್‌ಮಿಸ್ ತಮ್ಮ ಕೋಣೆಗೆ ಕರೆಸಿ ನೀರು ಕೊಟ್ಟರು. ಹದಿನೈದು ಜನರ ಮುಂದೆ ಆಡಿದ ಮಾತನ್ನು ತಾವು ಮುಚ್ಚಿಡಲಾಗದು, ಕಚೇರಿಗೆ ಬರೆಯಲೇಬೇಕು ಎಂದರು. ಬರೆದರು.

ಐದು ವಾರ ಕಾಯಬೇಕಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದು ಪರೀಕ್ಷೆ ಮಾಡಿದರು. ಎಷ್ಟೋ ಹೊತ್ತು ಗುಂಡಿ ಒತ್ತದೆ ಕೂತಿದ್ದರು. ಕಚೇರಿಯಲ್ಲಿ ಮೂವರು ಅಧಿಕಾರಿಗಳ ಮುಂದೆ ನಿಲ್ಲಿಸಿ, ಸೇವಾ ಪುಸ್ತಕದಲ್ಲಿ ಯಾಕೆ ಬರೆಸಲಿಲ್ಲ, ಮಗುವಿಗೆ ಅಪಾಯವಾಗಿದ್ದರೆ ಹೊಣೆ ಯಾರು ಎಂದು ಕೇಳಿದರು. ಟೀಚರ್ ಡ್ರಾಯಿಂಗ್ ಮೇಷ್ಟ್ರ ಕಥೆ ಹೇಳಿದರು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಗಂಡ ಆ ದಿನಗಳಲ್ಲಿ ಮಾತು ಬಿಟ್ಟಿದ್ದ. ಸಿಟ್ಟಿಗಲ್ಲ, ಏನು ಹೇಳಬೇಕೋ ತೋಚದೆ. ಆ ಮನೆಯಲ್ಲಿ ಮೊದಲ ಸಲ ಕೂಗಾಟ ನಿಂತದ್ದು ಕಂಡು ಪಕ್ಕದ ಮನೆಯವರು, ಎಲ್ಲಾ ಕ್ಷೇಮವೇ ಎಂದು ವಿಚಾರಿಸಿಕೊಂಡು ಹೋದರು.

ಆ ಐದು ವಾರದ ನಡುವೆ ಒಂದು ಮಧ್ಯಾಹ್ನ ಹುಡುಗಿಯ ತಾಯಿ ಬಂದಳು. ಯಾರೋ ಎಲ್ಲವನ್ನೂ ಹೇಳಿದ್ದರು. ಟೀಚರ್ ಈಗ ಕಿವಿಗೆ ಯಂತ್ರ ಹಾಕಿಕೊಂಡೇ ಶಾಲೆಗೆ ಬರುತ್ತಿದ್ದರು, ಆದರೂ ತಾಯಿ ಎದುರಿಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಆಡಿದಳು.

“ಗೊತ್ತಿಲ್ದೆ ಮಾಡಿದೋರನ್ನ ನಾನು ಬೇಕಾದಷ್ಟು ನೋಡಿದೀನಿ. ಅವರಿಗೆ ತಿಳಿಸಿ ಹೇಳಿದ್ರೆ ಸಾಕು. ನೀವು ಗೊತ್ತಿದ್ದೂ ಮಾಡಿದ್ರಲ್ಲ, ಅದಕ್ಕೆ ಏನು ಹೇಳ್ಲಿ?”

ಟೀಚರ್ ಕ್ಷಮೆ ಕೇಳಿದರು. ತಾಯಿ ಕ್ಷಮಿಸಿದೆ ಎನ್ನಲಿಲ್ಲ. ಮಗಳನ್ನು ಬಿಡಿಸಿಕೊಂಡು ಹೋಗುವುದೇ ಎಂದು ಅವಳನ್ನೇ ಕೇಳಿದೆ, ಇಲ್ಲೇ ಇರುತ್ತೇನೆ ಅಂದಳು, ಅದಕ್ಕೇ ಬಿಡುತ್ತಿದ್ದೇನೆ ಎಂದು ಹೇಳಿ ಕಾರ್ಖಾನೆಗೆ ತಿರುಗಿ ಹೋದಳು. ಆಮೇಲೆಯೂ ಶಾಲೆಯ ಬಾಗಿಲಲ್ಲಿ ಎದುರಾದರೆ ಅವಳು ನಗುತ್ತಿರಲಿಲ್ಲ. ಟೀಚರ್ ಅದನ್ನು ತಮಗೆ ಸಲ್ಲಬೇಕಾದದ್ದೇ ಎಂದು ತಗೊಂಡರು.

ಕೊನೆಗೆ ಬಂದ ಆದೇಶ ಅತ್ತ ಕಹಿಯೂ ಅಲ್ಲ, ಇತ್ತ ಸಿಹಿಯೂ ಅಲ್ಲ. ವಿಷಯ ಮುಚ್ಚಿಟ್ಟದ್ದಕ್ಕೆ ಎಚ್ಚರಿಕೆಯ ಪತ್ರ. ಪಾಠ ಮುಂದುವರಿಸಬಹುದು, ಯಂತ್ರ ಹಾಕಿಕೊಂಡಿರಬೇಕು, ಆಟದ ಮೈದಾನದಲ್ಲಿ ಒಬ್ಬರೇ ಮಕ್ಕಳನ್ನು ನೋಡಿಕೊಳ್ಳುವ ಹಾಗಿಲ್ಲ. ಇಬ್ಬರು ಮಕ್ಕಳ ತಂದೆತಾಯಿಗಳು ಅವರನ್ನು ಬೇರೆ ವಿಭಾಗಕ್ಕೆ ಹಾಕಿಸಿಕೊಂಡರು. ಅದು ಟೀಚರಿಗೆ ಎಚ್ಚರಿಕೆಯ ಪತ್ರಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮೈದಾನದ ಕೆಲಸ ಡ್ರಿಲ್ ಮಾಸ್ತರ ಪಾಲಿಗೆ ಹೋಯಿತು. ಅವರು ಒಂದು ಸೋಮವಾರ ಮೀಸೆಯನ್ನು ತುಟಿಯ ಮೇಲಕ್ಕೆ ಕತ್ತರಿಸಿಕೊಂಡು ಬಂದರು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವರ ಮಾತು ಓದಲು ಸಿಕ್ಕ ಮೊದಲ ದಿನವೇ ಟೀಚರಿಗೆ ಗೊತ್ತಾಯಿತು, ಇಷ್ಟು ವರ್ಷ ತಾವು ತಪ್ಪಿಸಿಕೊಂಡದ್ದರಲ್ಲಿ ಮುಕ್ಕಾಲು ಪಾಲು ಕ್ರಿಕೆಟ್ಟು ಎಂದು.

ಮುಂದಿನ ವರ್ಷ ತರಬೇತಿ ಅಮ್ಮ ತಮ್ಮ ಶನಿವಾರಗಳಲ್ಲಿ ಒಂದನ್ನು ಟೀಚರಿಗೆ ಬಿಟ್ಟುಕೊಟ್ಟರು. ಟೀಚರ್ ಮೊದಲು ದೀಪ ಆರಿಸಬೇಡಿ ಎನ್ನುತ್ತಾರೆ. ಆಮೇಲೆ ತಾವು ಏನೇನು ಉಪಾಯ ಮಾಡಿದ್ದೆವೆಂದು ಹೇಳುತ್ತಾರೆ, ಕೊನೆಗೆ ಆ ಒಂಟಿ ಬೆಂಚಿನ ಕಥೆ. ಹಾಲಿನಲ್ಲಿ ಯಾರಾದರೂ ಕಣ್ಣು ತಪ್ಪಿಸಿದರೆ, ಅವರ ಕೋಣೆಯಲ್ಲೂ ಅಂಥದೊಂದು ಬೆಂಚಿದೆ ಎಂದು ಟೀಚರಿಗೆ ತಿಳಿಯುತ್ತದೆ.

ಹುಡುಗಿ ಆರನೇ ತರಗತಿಗೆ ಪಾಸಾದಳು. ಅದು ಬೇರೆ ಕಟ್ಟಡ, ಬೇರೆ ಶಿಕ್ಷಕರು. ಅಲ್ಲಿಯವರಿಗೆ ಕೊಡಲೆಂದು ಟೀಚರ್ ಒಂದು ಹಾಳೆಯಲ್ಲಿ ಅವಳ ಬಗ್ಗೆ ಬರೆದರು: ಎಲ್ಲಿ ಕೂರಿಸಬೇಕು, ಹೇಗೆ ಮಾತಾಡಬೇಕು, ಯಾವ ಸದ್ದು ಅವಳಿಗೆ ತೊಂದರೆ. ಬರೆದ ಮೇಲೆ ಏನೋ ಹೊಳೆದು, ಹುಡುಗಿಯನ್ನು ಕರೆದು ಓದಲು ಕೊಟ್ಟರು. ಅವಳು ನಿಂತಲ್ಲೇ, ಬೆರಳಿಟ್ಟುಕೊಂಡು, ಕೊನೆಯವರೆಗೂ ಓದಿದಳು.

“ಎಲ್ಲಾ ಸರಿ ಇದೆ ಟೀಚರ್. ಆದ್ರೆ ಇದ್ರಲ್ಲಿ ಬರೀ ನನ್ನ ಕೈಲಿ ಏನೇನು ಆಗಲ್ಲ ಅಂತಾನೇ ಇದೆ. ನನಗೆ ಭಾಗಾಕಾರ ಚೆನ್ನಾಗಿ ಬರುತ್ತೆ ಅಂತಾನೂ ಬರೀರಿ.”

ಟೀಚರ್ ಹಾಳೆಯನ್ನು ವಾಪಸು ತೆಗೆದುಕೊಂಡು, ಹರಿದು, ಹೊಸ ಹಾಳೆಯಲ್ಲಿ ಅದನ್ನೇ ಮೊದಲ ಸಾಲಾಗಿ ಬರೆದರು.